ಪಕ್ಕದ ಸೀಟಿನ ಬ್ರೇಕು

ಔಷಧಿ ಅಂಗಡಿಯ ಹೆಂಗಸು ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಿ, ಕನ್ನಡಿ ನೋಡಿ, ತಿರುವಿಗೆ ಸರಿಯಾಗಿಯೇ ಬರುತ್ತಿದ್ದಳು. ಎದುರಿನ ಸೈಕಲ್ಲಿನವನು ಇನ್ನೂ ಮೂರು ದೀಪದ ಕಂಬಗಳಾಚೆ ಇದ್ದ. ಅವಳ ಪಾದ ಬ್ರೇಕಿನ ಮೇಲೆ ಸುಮ್ಮನೆ ಕೂತಿತ್ತು, ಒತ್ತಿರಲಿಲ್ಲ. ಆದರೂ ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರ ಎರಡೂ ಕಾಲು ಯಾರೋ ಕೂಗಿ ಕರೆದ ಹಾಗೆ ಒಟ್ಟಿಗೇ ಇಳಿದವು. ಕಾರು ಮುಗ್ಗರಿಸಿ ನಿಂತಿತು. ಹಿಂದಿದ್ದವನು ಹಾರ್ನ್ ಬಾರಿಸಿ, ಆಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಕಂಡು, ಪಾಪ ಅನ್ನಿಸಿಯೋ ಏನೋ, ಸುತ್ತು ಹಾಕಿಕೊಂಡು ಹೋದ. “ಅಯ್ಯೋ, ನಾನು ಅಷ್ಟು ಜೋರಾಗಿ ಒತ್ತಿಬಿಟ್ನಾ ಸಾರ್?” ಅಂದಳು ಹೆಂಗಸು. “ಹೂಂ. ಮೆಲ್ಲಗೆ ಒತ್ತಬೇಕು,” ಅಂದರು ಮೇಷ್ಟ್ರು. ಅಂದಾದ ಮೇಲೆ ತಾವು ಅಂದದ್ದು ತಮಗೇ ಕೇಳಿಸಿತು. ದಿನಕ್ಕೆ ನಾಲ್ಕು ಸಲವಾದರೂ ಅನ್ನುವ ಮಾತು. ಇವತ್ತು ಮಾತ್ರ ಅದು ಕಿವಿಯಲ್ಲೇ ಉಳಿಯಿತು.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಎರಡು ಪೆಡಲು ಇರುತ್ತವೆ, ಕ್ಲಚ್ಚು ಮತ್ತು ಬ್ರೇಕು. ಒಂದೊಂದಕ್ಕೂ ಕಂಬಿ ಹಾಕಿ ಆ ಕಡೆಯ ಪೆಡಲಿಗೆ ಜೋಡಿಸಿರುತ್ತಾರೆ. ಇಲ್ಲಿ ಒತ್ತಿದರೆ ಅಲ್ಲೂ ಇಳಿಯುತ್ತದೆ. ಕಲಿಯುವವರ ಪಾದ ಅದರ ಮೇಲಿದ್ದರೆ ಪಾದವೂ ಜೊತೆಗೇ ಇಳಿದು, ತಾವೇ ಒತ್ತಿದೆವೆಂದು ಅವರಿಗೆ ಅನ್ನಿಸುತ್ತದೆ. ಬ್ರೇಕು ಯಾರದೆಂದು ಮೇಷ್ಟ್ರಿಗೆ ಗೊತ್ತು, ಕಂಬಿಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಆಕ್ಸಿಲರೇಟರು ಈ ಕಡೆಗೆ ಇಲ್ಲ, ಬೇಕಾಗಿಯೂ ಇಲ್ಲ. ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಕೂತು ಮೇಷ್ಟ್ರು ಮಾಡಿದ್ದು ನಿಲ್ಲಿಸುವ ಕೆಲಸವೊಂದೇ. ಅರ್ಧ ಊರಿಗೆ ಓಡಿಸಲು ಕಲಿಸಿದವರು ತಾವು ಓಡಿಸುತ್ತಿದ್ದದ್ದು ಡ್ರೈವಿಂಗ್ ಶಾಲೆಯ ಶೆಡ್ಡಿನಿಂದ ಮನೆಗೆ, ಮನೆಯಿಂದ ಶೆಡ್ಡಿಗೆ, ಅದೂ ಎತ್ತಿನ ಗಾಡಿಯನ್ನು ನಾಚಿಸುವ ವೇಗದಲ್ಲಿ. ಇದನ್ನು ಯಾರೂ ಕೇಳಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ನಿನ್ನೆ ಮಧ್ಯಾಹ್ನದವರೆಗೆ.

ಬೆಳಿಗ್ಗೆ ಏಳಕ್ಕೇ ತಂಗಿಯ ಫೋನು ಬಂದಿತ್ತು. “ಅಣ್ಣಾ, ಸಂಜೆ ಬಂದು ಒಂದು ಮಾತು ಹೇಳಿ ಹೋಗು. ಕಣ್ಣಿನ ಡಾಕ್ಟರು ನಿನ್ನೆ ರಾತ್ರೀನೇ ಫೋನ್ ಮಾಡಿದ್ರು. ಗುಬ್ಬಿ ಅವರ ಗಾಡಿ ತಗೊಂಡು ಹೋಗಿ ಗುದ್ದಿದ್ಲಂತಲ್ಲ? ಇವಳನ್ನ ಕೇಳಿದ್ರೆ ‘ಹೌದು’ ಅಂತಾಳೆ, ಮುಂದಕ್ಕೆ ಬಾಯೇ ಬಿಡಲ್ಲ. ನಾನಂತೂ ಆ ಗಾಡಿ ಕೊಳ್ಳೋದು ಬೇಡ ಅಂತ ಮೊದಲಿಂದ ಹೇಳ್ತಿದ್ದೆ. ಆದ್ರೂ ನಿನ್ನ ಮಾತೇ ಕೊನೆ. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಸದ್ಯ, ನೀನು ಪಕ್ಕದಲ್ಲಿದ್ದೆ, ಮಗು ಬದುಕ್ತು.” ಮೇಷ್ಟ್ರು “ಬರ್ತೀನಿ” ಅಂದು ಫೋನಿಟ್ಟರು. ಗುಬ್ಬಿ ‘ಹೌದು’ ಅಂದಳೇ? ಅವಳು ಯಾಕೆ ಹೌದು ಅನ್ನಬೇಕು? ಹಲ್ಲುಜ್ಜುತ್ತ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಮುಖ ಎಂದಿನಂತೆ ಇದ್ದದ್ದೇ ಅವರಿಗೆ ಅಸಹ್ಯವಾಯಿತು.

ಗುಬ್ಬಿ ಅಂದರೆ ತಂಗಿಯ ಮಗಳು. ಇಪ್ಪತ್ತೆರಡು ವರ್ಷ, ಆಳು ಗಿಡ್ಡ, ಮಾತು ಕಡಿಮೆ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಕೂದಲೆಳೆಯಷ್ಟು ಎತ್ತರವಾದರೂ ಹಲ್ಲು ಕಚ್ಚುವಾಗ ಕೂರುವುದಿಲ್ಲ ಮಾವ ಅಂತ ಒಮ್ಮೆ ಒಂದು ದವಡೆಯ ಅಚ್ಚನ್ನು ಅಂಗೈಯಲ್ಲಿಟ್ಟು ತೋರಿಸಿದ್ದಳು. ಮೂರು ವರ್ಷದ ಹಿಂದೆ ಅವಳಿಗೆ ಕಾರು ಕಲಿಸಿದವರೂ ಮೇಷ್ಟ್ರೇ. ಕಲಿತದ್ದು ಹನ್ನೆರಡೇ ದಿನಕ್ಕೆ. ಆಮೇಲೆ ಅವಳಿಗೆ ಹಿಡಿದ ಹುಚ್ಚು ಇದು: ಇಪ್ಪತ್ತು ವರ್ಷ ಹಳೆಯ, ಕಡುಹಸಿರು ಬಣ್ಣದ, ಎರಡೇ ಬಾಗಿಲಿನ, ಎಂಜಿನ್ನಿನ ಜೋರು ಹೆಚ್ಚಿಸುವ ಟರ್ಬೊ ಹಾಕಿದ ಸ್ಪೋರ್ಟ್ಸ್ ಕಾರು. ಕಣ್ಣಿನ ಡಾಕ್ಟರು ಹೊಸದರಲ್ಲಿ ಕೊಂಡು, ಮಗುವಿನ ಹಾಗೆ ಸಾಕಿ, ಈಗ ಸೊಂಟ ಬಗ್ಗದೆ ಮಾರಲು ಹೊರಟಿದ್ದರು. ಮನೆಯಲ್ಲಿ ಒಂದು ತಿಂಗಳಿಂದ ಅದೇ ರಾಮಾಯಣ. ಹಳೇ ಗಾಡಿ, ಈಗಿನ ಗಾಡಿಗಳ ಹಾಗೆ ಜಾರಿದರೆ ತಾನೇ ಹಿಡಿದುಕೊಳ್ಳುವ ಬುದ್ಧಿ ಅದಕ್ಕಿಲ್ಲ. ಹುಡುಗಿ ಚಿಕ್ಕವಳು, ಬಿಸಿರಕ್ತ. “ಮಾವ ಬಂದು ನೋಡ್ಲಿ, ಓಡಿಸ್ಲಿ. ಅವರು ಬೇಡ ಅಂದ್ರೆ ನಾನು ಇನ್ನು ಅದರ ಹೆಸರೆತ್ತಲ್ಲ,” ಅಂದಿದ್ದಳು ಗುಬ್ಬಿ. ತಮ್ಮ ಮೇಲೆ ಅವಳಿಗೆ ಅಷ್ಟು ನಂಬಿಕೆ ಎಂದು ಮೇಷ್ಟ್ರು ಉಬ್ಬಿದ್ದರು. ಊಹೂಂ ಅನ್ನಬೇಕು ಎಂದು ಕಾರು ನೋಡುವ ಮೊದಲೇ ನಿರ್ಧರಿಸಿಯೂ ಇದ್ದರು.

“ಸಾರ್, ಎಡಕ್ಕಾ ಬಲಕ್ಕಾ?” ಅಂದಳು ಔಷಧಿ ಅಂಗಡಿಯಾಕೆ. “ನೇರ,” ಅಂದರು. ನೇರ ಹೋದರೆ ಗೋದಾಮುಗಳ ರಸ್ತೆ ಬರುತ್ತದೆ ಅನ್ನುವುದು ನೆನಪಾಗಿ “ಬೇಡ ಬೇಡ, ಎಡಕ್ಕೆ” ಅಂದರು. ಗೋದಾಮಿನ ರಸ್ತೆಯ ಕೊನೆಯ ತಿರುವಿನಲ್ಲಿ, ಕಲ್ಲಿನ ಅಂಚಿನ ಮೇಲೆ, ಕಡುಹಸಿರು ಬಣ್ಣದ ಒಂದು ಗೀರು ಇದೆ. ಯಾರಾದರೂ ಅಳಿಸುವತನಕ ಇರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರಿಗೆ ಯಾರೂ ಕಳ್ಳ ಅಂದಿರಲಿಲ್ಲ, ರಸ್ತೆ ಕೂಡ ಅಂದಿರಲಿಲ್ಲ.

ನಿನ್ನೆ ಆ ಕಾರನ್ನು ಮೊದಲು ಓಡಿಸಿದ್ದು ಗುಬ್ಬಿಯೇ. ಸೀಟು ಮುಂದಕ್ಕೆ ಎಳೆದು, ಹಿಂದೆ ದಿಂಬು ಕೊಟ್ಟುಕೊಂಡು ಕೂತಳು. ಮೇಷ್ಟ್ರು ಪಕ್ಕದಲ್ಲಿ ಕೂತು ಕಾಲು ಚಾಚಿದರೆ ಅಲ್ಲಿ ಬರೀ ನೆಲಹಾಸು. ಇಳಿಜಾರಿನಲ್ಲಿ, ಸಿಗ್ನಲ್ಲಿನಲ್ಲಿ, ಕೋಳಿಯೊಂದು ಅಡ್ಡ ಬಂದಾಗ, ಅವರು ಆ ನೆಲಹಾಸನ್ನೇ ಒತ್ತಿದರು. ಅದು ಗುಬ್ಬಿಗೆ ಕಂಡಿತು, ಅವಳು ಕಾಣದವಳ ಹಾಗೆ ರಸ್ತೆ ನೋಡಿದಳು. ಅವಳಿಗೆ ಆ ಕಾರಿನ ಸ್ವಭಾವ ಗೊತ್ತಿತ್ತು. “ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗೋ ತನಕ ಇದು ಸಾಧು ಮಾವ. ಆಕ್ಸಿಲರೇಟರ್ ಒತ್ತಿದ್ರೂ ಏನೂ ಆಗಲ್ಲ ಅನ್ಸುತ್ತೆ. ಒಂದು, ಎರಡು ಅಂತ ಎಣಿಸೋಷ್ಟರಲ್ಲಿ ಟರ್ಬೊ ಎದ್ದು ಹಿಂದಿಂದ ತಳ್ಳುತ್ತೆ. ಅದಕ್ಕೇ ತಿರುವು ಮುಗಿಯೋ ತನಕ ಅದನ್ನ ಎಬ್ಬಿಸ್ಬಾರ್ದು.” ಎಬ್ಬಿಸಲೂ ಇಲ್ಲ. ತಿರುವಿಗೆ ಮೊದಲೇ ಗೇರು ಇಳಿಸಿ, ಮಲಗಿದ ಮಗುವಿನ ತೊಟ್ಟಿಲ ಪಕ್ಕದಲ್ಲಿ ಹಾದುಹೋಗುವವರ ಹಾಗೆ ಹಾದು, ರಸ್ತೆ ನೇರವಾದ ಮೇಲೆ ಒತ್ತಿದಳು. ಬೆನ್ನು ಸೀಟಿಗೆ ಅಂಟಿತು, ಕಿಟಕಿಯಾಚೆ ಗೋದಾಮುಗಳು ಒಂದಕ್ಕೊಂದು ಕೂಡಿಕೊಂಡವು, ಅವಳು ತುಟಿ ತೆರೆಯದೆ ನಕ್ಕಳು. ಗೇರು ಇಳಿಸುವ ಆ ಬಗೆ ಮೇಷ್ಟ್ರು ಕಲಿಸಿದ್ದಲ್ಲ. ತಾವು ಕಲಿಸದೆ ಇದ್ದದ್ದು ಅವಳಿಗೆ ಹೇಗೆ ಬಂತು? ಯಾರಿಂದ ಬಂತು? ಆಗ ಅವರಿಗೆ ಆದದ್ದು ಭಯವಲ್ಲ. ಮಗುವಿಗೇನಾದರೂ ಆದೀತೆಂಬ ಕಳವಳ ಎಂದು ತಂಗಿಯ ಮುಂದೆ ಹೇಳಿಕೊಳ್ಳಬಹುದು, ಆದರೆ ಅದೂ ಅಲ್ಲ. ಆದದ್ದು ಹೊಟ್ಟೆಕಿಚ್ಚು. ಐವತ್ತೊಂದು ವರ್ಷದ ಗಂಡಸಿಗೆ ಕಣ್ಣೆದುರಿಗೇ ಬೆಳೆದ ಕೂಸಿನ ಮೇಲೆ ಹೊಟ್ಟೆಕಿಚ್ಚು. “ನಿಲ್ಸು. ನಾನು ಓಡಿಸಿ ತೋರಿಸ್ತೀನಿ, ಇದರ ಅಪಾಯ ಏನು ಅಂತ,” ಅಂದರು.

ತೋರಿಸಿದರು. ಆ ತಿರುವಿನ ಹತ್ತಿರ ನೀರಿನ ಟ್ಯಾಂಕರು ಸೋರಿ ರಸ್ತೆ ಒದ್ದೆಯಾಗಿತ್ತು. ಆಕ್ಸಿಲರೇಟರು ಒತ್ತಿದರು, ಏನೂ ಆಗಲಿಲ್ಲ. ಇನ್ನೂ ಒತ್ತಿದರು. “ಮಾವ, ಈಗ ಬೇಡ,” ಅಂದಳು ಗುಬ್ಬಿ, ಮೆತ್ತಗೆ. ತಿರುವಿನ ನಟ್ಟನಡುವೆ ಟರ್ಬೊ ಎದ್ದಿತು. ಹಿಂದಿನಿಂದ ಯಾರೋ ನೂಕಿದಂತಾಯಿತು, ಮತ್ತು ಮೇಷ್ಟ್ರ ಎರಡೂ ಕಾಲು, ಇಪ್ಪತ್ತಾರು ವರ್ಷ ಒಂದೇ ಪಾಠ ಓದಿದ ಕಾಲುಗಳು, ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ತುಳಿದವು. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ಸಡಿಲಿಸಿ ಸ್ಟಿಯರಿಂಗು ಹಿಡಿದಿದ್ದರೆ ಸಾಕಿತ್ತು. ಕಲಿಯಲು ಬಂದ ಯಾವ ಹುಡುಗನಿಗಾದರೂ ಹೇಳಿಕೊಡಬಹುದಾದ ಮಾತು. ಕಾರು ಬುಗುರಿಯಂತೆ ಒಂದು ಸುತ್ತು ತಿರುಗಿ, ಹಿಂದಿನ ಚಕ್ರವನ್ನು ಕಲ್ಲಿನ ಅಂಚಿಗೆ ಅಪ್ಪಳಿಸಿ ನಿಂತಿತು. ಹಿಂದಿನ ದೀಪ ಒಡೆದ ಸದ್ದು ಬಹಳ ತಡವಾಗಿ ಕೇಳಿಸಿದಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಷ್ಟ್ರ ಮೊಣಕಾಲು ನಡುಗುತ್ತಿದ್ದವು. “ನೀವು ಈ ಕಡೆ ಬನ್ನಿ ಮಾವ, ನಾನು ತಗೊಂಡು ಹೋಗ್ತೀನಿ,” ಅಂದಳು ಗುಬ್ಬಿ. ಸೀಟನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು, ದಿಂಬು ಇಟ್ಟುಕೊಂಡಳು. 

ಡಾಕ್ಟರು ಗೇಟಿನಲ್ಲೇ ನಿಂತಿದ್ದರು. ಹೊರಡುವಾಗಲೇ ಹೇಳಿದ್ದರು: ಓಡಿ ಬಂದ ಟರ್ಬೊ ಕಾದಿರುತ್ತದೆ, ಬಂದ ಕೂಡಲೆ ಎಂಜಿನ್ ಆರಿಸಬಾರದು, ಎರಡು ನಿಮಿಷ ಹಾಗೇ ಬಿಡಬೇಕು. ಗುಬ್ಬಿ ಆರಿಸಲಿಲ್ಲ. ಅವಳು ಸ್ಟಿಯರಿಂಗಿನ ಮುಂದೆ, ಮೇಷ್ಟ್ರು ಪಕ್ಕದಲ್ಲಿ, ಎಂಜಿನ್ ಗುರುಗುಟ್ಟುತ್ತಿತ್ತು. ಡಾಕ್ಟರು ಸುತ್ತು ಬಂದರು, ಒಡೆದ ದೀಪ ನೋಡಿದರು, ಬಗ್ಗಲಾರದ ಸೊಂಟ ಬಗ್ಗಿಸಿ ಚಕ್ರ ನೋಡಿದರು, ಆಮೇಲೆ ಕಿಟಕಿಗೆ ಬಂದು ಡ್ರೈವರ್ ಸೀಟಿನಲ್ಲಿ ಯಾರಿದ್ದಾರೆಂದು ನೋಡಿದರು. “ಅಂದ್ಕೊಂಡೆ,” ಅಂದರು, ಕೋಪವಿಲ್ಲದೆ. “ವಯಸ್ಸು ಅಂಥದ್ದಮ್ಮ. ಮೇಷ್ಟ್ರು ಪಕ್ಕದಲ್ಲಿದ್ದಿದ್ದು ನಿನ್ನ ಪುಣ್ಯ.” ಗುಬ್ಬಿ ಮಾವನ ಕಡೆ ತಿರುಗಲಿಲ್ಲ. ಗಡಿಯಾರದ ಕಡೆ ನೋಡುತ್ತಿದ್ದಳು. ಮೇಷ್ಟ್ರಿಗೆ ಪೂರ್ತಿ ಎರಡು ನಿಮಿಷ ಇತ್ತು. ಸುಳ್ಳು ಹೇಳಬೇಕಾಗಿಯೇ ಬರಲಿಲ್ಲ, ಸುಮ್ಮನೆ ಕೂತಿದ್ದರೆ ಸಾಕಾಯಿತು. ಬಾಯಿ ತೆರೆದದ್ದೂ ನಿಜ, ಆದರೆ ಆಗ ಬಂದ ಮಾತು: “ರಿಪೇರಿ ನಾನು ಮಾಡಿಸಿಕೊಡ್ತೀನಿ ಡಾಕ್ಟ್ರೇ.” ದೊಡ್ಡವರು ದೊಡ್ಡವರೇ ಎಂಬಂತೆ ಡಾಕ್ಟರು ತಲೆದೂಗಿದರು. ಎರಡು ನಿಮಿಷ ಆದ ಮೇಲೆ ಗುಬ್ಬಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು.

ಇವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಶೆಡ್ಡಿನಲ್ಲಿ ಕೂತು ಸಂಜೆಗೆ ಮಾತು ಕಟ್ಟಿದರು. ಗಾಡಿ ಚೆನ್ನಾಗಿದೆ, ಆದರೆ ಹಳೇದು, ಇನ್ನೆರಡು ವರ್ಷ ಆಗಲಿ ನೋಡೋಣ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲ. ಗುಬ್ಬಿಯೂ ಕೇಳುವುದಿಲ್ಲ, ಮಾತು ಕೊಟ್ಟವಳು ಅದರ ಹೆಸರೆತ್ತುವುದಿಲ್ಲ. ತಾನು ಗುದ್ದದ ಗಾಡಿ ಗುದ್ದಿದವಳಾಗಿ ಬಾಳುತ್ತಾಳೆ. ಮದುವೆಮನೆಗಳಲ್ಲಿ, ನೆಂಟರ ನಡುವೆ ನಗುತ್ತ ಹೇಳುವ ಕಥೆಯಾಗುತ್ತದೆ, ಅವಳ ಅಮ್ಮನದು ಆಯಿತಲ್ಲ ಹಾಗೆ. ಅಮ್ಮನದು. ಇಲ್ಲಿಗೆ ಬಂದು ಮೇಷ್ಟ್ರ ಯೋಚನೆ ಪ್ರತಿ ಸಲ ದಾರಿ ಬದಲಿಸುತ್ತಿತ್ತು. ತಂಗಿ ಕೂಡ ಅವರ ಹತ್ತಿರವೇ ಕಲಿಯಲು ಬಂದಿದ್ದಳು, ಈಗಿನ ಗುಬ್ಬಿಯ ವಯಸ್ಸಿನಲ್ಲಿ. ಹನ್ನೊಂದನೆಯ ದಿನ ಹಾಲಿನ ಡೇರಿಯ ಮುಂದೆ ಗಾಬರಿಯಾಗಿ ಗಕ್ಕನೆ ಬ್ರೇಕ್ ಒತ್ತಿದಳು, ಹಿಂದಿನಿಂದ ಹಾಲಿನ ವ್ಯಾನು ಬಂದು ಗುದ್ದಿತು, ಅವಳ ಹಣೆ ಸ್ಟಿಯರಿಂಗಿಗೆ ಬಡಿಯಿತು. ಆಮೇಲೆ ಸ್ಟಿಯರಿಂಗು ಮುಟ್ಟಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಎರಡು ಬಸ್ಸು ಬದಲಿಸಿ ಗ್ರಂಥಾಲಯದ ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಹೇಳುವ ಕಥೆ ಇದು. ಕಥೆ ಹೇಳುವವರಲ್ಲಿ ಮೇಷ್ಟ್ರೂ ಒಬ್ಬರು.

ಆರು ಗಂಟೆಗೆ ತಂಗಿಯ ಮನೆಯ ಮುಂದೆ ಶಾಲೆಯ ಕಾರು ನಿಲ್ಲಿಸಿದರು. ಬಾಗಿಲು ತೆರೆದದ್ದು ಗುಬ್ಬಿ. “ಬನ್ನಿ ಮಾವ,” ಅಂದಳು, ಎಂದಿನ ದನಿಯಲ್ಲಿ. ಉಗುರಿನ ಸಂದಿಯಲ್ಲಿ ಅಚ್ಚಿನ ಬಿಳಿ ಪುಡಿ ಅಂಟಿತ್ತು. ಒಳಗೆ ಅವಳ ಅಪ್ಪ ಪತ್ರಿಕೆ ಮಡಿಸಿ “ಬನ್ನಿ ಭಾವ, ಜಡ್ಜ್ ಸಾಹೇಬ್ರು ಬಂದ್ರು, ಇನ್ನು ತೀರ್ಪು” ಎಂದು ನಕ್ಕರು. ತಂಗಿ ಟೀ ತಂದಿಟ್ಟಳು. ಅವಳ ಹಣೆಯ ಮೇಲೆ, ಕೂದಲು ಹುಟ್ಟುವ ಕಡೆ, ಉಗುರಿನಷ್ಟು ಉದ್ದದ ಗಾಯದ ಗುರುತು ಇದೆ. ಇಷ್ಟು ವರ್ಷ ಅದು ಮೇಷ್ಟ್ರಿಗೆ ಅವಳ ಮುಖದ ಒಂದು ಭಾಗವೇ ಆಗಿ ಹೋಗಿತ್ತು. ಇವತ್ತು ಅದು ಬೇರೆಯಾಗಿ ಕಂಡಿತು.

“ಹೇಳಣ್ಣ. ಇವಳಿಗೆ ಆ ಗಾಡಿ ಹೊಂದುತ್ತಾ?”

“ಹೊಂದುತ್ತೆ,” ಅಂದರು ಮೇಷ್ಟ್ರು. ಕಟ್ಟಿಕೊಂಡು ಬಂದ ಮಾತು ಅದಲ್ಲ. ಅದು ಹೊರಬಿದ್ದ ಮೇಲೆ ಮಿಕ್ಕದ್ದಕ್ಕೆ ಬಾಗಿಲು ತೆರೆದಂತಾಯಿತು. “ಇವಳಷ್ಟು ಚೆನ್ನಾಗಿ ಆ ಗಾಡೀನ ಯಾರೂ ಓಡಿಸಲ್ಲ. ಗುದ್ದಿದ್ದು ಇವಳಲ್ಲ. ನಾನು.”

ತಂಗಿ ಒಂದು ಕ್ಷಣ ನೋಡಿ, ನಕ್ಕುಬಿಟ್ಟಳು. “ಅಣ್ಣಾ, ಸಾಕು. ಇವಳನ್ನ ಉಳಿಸೋಕೆ ನಿನ್ನ ಮೇಲೆ ಎಳ್ಕೋಬೇಡ. ಡಾಕ್ಟರೇ ಕಣ್ಣಾರೆ ನೋಡಿದಾರೆ, ಸ್ಟಿಯರಿಂಗ್ ಹಿಡಿದು ಕೂತಿದ್ದೋಳು ಇವಳೇ ಅಂತೆ.” ಭಾವನೂ ದನಿ ಸೇರಿಸಿದರು: “ಸೊಸೆ ಅಂದ್ರೆ ಪ್ರಾಣ ಇವರಿಗೆ. ಇಂಥ ಮಾವ ಎಲ್ಲಿ ಸಿಗ್ತಾನೆ ಹೇಳಿ.” ಮೇಷ್ಟ್ರಿಗೆ ಮೈಯೆಲ್ಲ ಬಿಸಿಯಾಯಿತು. ತಪ್ಪು ಒಪ್ಪಿಕೊಂಡರೆ ಬೈಯುತ್ತಾರೆ ಅಂದುಕೊಂಡಿದ್ದರು, ಇವರು ಹೊಗಳುತ್ತಿದ್ದಾರೆ. ನಾಚಿಕೆಯಾಗಬೇಕಾದದ್ದು ಇಲ್ಲಿ, ಯಾಕೆಂದರೆ ಆ ಹೊಗಳಿಕೆ ಒಂದು ಗುಟುಕು ಟೀಯಂತೆ ಬೆಚ್ಚಗೆ ಇಳಿಯಿತು. ಹೇಳಬೇಕಾದದ್ದು ಹೇಳಿಯಾಯಿತು, ನಂಬದೆ ಇದ್ದರೆ ತಾನೇನು ಮಾಡಲಿ ಎಂದು ಒಳಗೆ ಯಾರೋ ಮೆಲ್ಲಗೆ ಅಂದರು. ಗುಬ್ಬಿ ಗೋಡೆಗೊರಗಿ ನಿಂತಿದ್ದಳು. ಅವಳ ಮುಖದಲ್ಲಿ ಕೋಪ ಇದ್ದಿದ್ದರೆ ಹಗುರಾಗುತ್ತಿತ್ತು. “ಬಿಡಿ ಮಾವ, ಪರವಾಗಿಲ್ಲ,” ಅಂದಳು. ಈ ಮಾತಿಗೆ ಅವರು ಕಪ್ಪು ಕೆಳಗಿಟ್ಟರು.

“ಪರವಾಗಿದೆ. ಕೇಳಿ ಇಲ್ಲಿ. ಹೋಗೋವಾಗ ಇವಳು ಓಡಿಸಿದ್ಲು, ಚಂದ ಓಡಿಸಿದ್ಲು. ನನಗೆ ತಡಿಯೋಕಾಗಲಿಲ್ಲ. ನಾನು ತೋರಿಸ್ತೀನಿ ಅಂತ ಕಿತ್ಕೊಂಡೆ. ಗೋದಾಮಿನ ತಿರುವಲ್ಲಿ ಗಾಡಿ ಎಳೀತು, ನಾನು ಎರಡೂ ಕಾಲಲ್ಲಿ ತುಳಿದುಬಿಟ್ಟೆ. ಕ್ಲಚ್ಚು, ಬ್ರೇಕು, ಎರಡೂ ಒಟ್ಟಿಗೆ. ಕಲಿಸೋವಾಗ ತುಳೀತೀನಲ್ಲ, ಹಾಗೆ. ಗಾಡಿ ತಿರುಗಿಹೋಯ್ತು. ನನ್ನ ಕಾಲು ನಡುಗ್ತಿತ್ತು, ಅದಕ್ಕೆ ವಾಪಸು ಇವಳು ಓಡಿಸಿದ್ಲು. ಡಾಕ್ಟರು ಇವಳೇ ಗುದ್ದಿದ್ದು ಅಂದ್ಕೊಂಡಾಗ ನಾನು ಬಾಯಿ ಮುಚ್ಕೊಂಡು ಕೂತಿದ್ದೆ. ಗಾಡಿ ಹಳೇದು, ಇನ್ನೆರಡು ವರ್ಷ ಆಗ್ಲಿ ನೋಡೋಣ ಅಂತ ಇವತ್ತು ಬಂದು ಹೇಳೋನಿದ್ದೆ. ಕುಣೀಲಾರದೋಳು ನೆಲ ಡೊಂಕು ಅಂದ ಹಾಗೆ.”

ಭಾವ ಪತ್ರಿಕೆಯ ಮಡಿಕೆಯನ್ನು ಇನ್ನೊಮ್ಮೆ ಮಡಿಸಿದರು. ಗುಬ್ಬಿ ನೆಲ ನೋಡಿದಳು. ತಂಗಿ ನಗುತ್ತಿರಲಿಲ್ಲ. ಅವಳು ಕಾರಿನ ಬಗ್ಗೆ ಯೋಚಿಸುತ್ತಿಲ್ಲ ಎಂದು ಮೇಷ್ಟ್ರಿಗೆ ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

“ಎರಡೂ ಕಾಲಲ್ಲಾ?” ಅಂದಳು.

“ಹೂಂ.”

“ಕಲಿಸೋವಾಗ ತುಳಿಯೋ ಹಾಗೆ.” ಅವಳ ಕೈ ಹಣೆಗೆ ಹೋಯಿತು, ಹೋದದ್ದು ಅವಳಿಗೆ ತಿಳಿದಂತಿರಲಿಲ್ಲ. “ಅಣ್ಣಾ, ನಾನು ಇದನ್ನ ಯಾರ ಹತ್ರಾನೂ ಹೇಳಿಲ್ಲ. ಇವರಿಗೂ ಹೇಳಿಲ್ಲ. ಡೇರಿ ಹತ್ರ ಅವತ್ತು ಬ್ರೇಕು ತಾನಾಗೇ ಇಳೀತು. ನಾನು ಕಾಲು ಇಟ್ಟಿದ್ದೆ, ನಿಜ. ಆದ್ರೆ ಒತ್ತಲಿಲ್ಲ. ನನ್ನ ಕಾಲ ಕೆಳಗಿಂದ ಅದು ಜಾರಿ ಇಳಿದುಹೋಯ್ತು. ನೀನು ಡ್ರೈವಿಂಗ್ ಸ್ಕೂಲಿನ ಓನರ್ ಮುಂದೆ ‘ಹುಡುಗಿ ಗಾಬರಿಯಾದ್ಲು’ ಅಂದೆ. ಇಷ್ಟು ವರ್ಷದ ಮೇಷ್ಟ್ರು ಹೇಳಿದ ಮೇಲೆ ನಿಜಾನೇ ಇರ್ಬೇಕು ಅಂತ ನಾನೂ ತಲೆ ಆಡಿಸ್ದೆ. ನನ್ನ ಕಾಲು ನನ್ನ ಮಾತು ಕೇಳಲ್ಲ ಅಂದ್ಕೊಂಡೆ. ಇವಳು ಹುಟ್ಟಿದಾಗ ಇವಳನ್ನ ಎತ್ಕೊಂಡು ಮೆಟ್ಟಿಲು ಇಳಿಯೋಕೂ ಹೆದರ್ತಿದ್ದೆ.”

ಇಷ್ಟು ವರ್ಷದ ಮೇಷ್ಟ್ರು. ಆಗ ಅವರಿಗೆ ಎರಡೇ ವರ್ಷದ ಅನುಭವ, ಕೆಲಸ ಹೋದೀತೆಂಬ ಅಂಜಿಕೆ, ಇಪ್ಪತ್ತೇಳರ ವಯಸ್ಸು. ಅದನ್ನೆಲ್ಲ ಹೇಳಬಹುದಿತ್ತು. ವ್ಯಾನು ಹತ್ತಿರವಿತ್ತು, ದನ ಅಡ್ಡ ಬಂದಿತ್ತು, ನೆನಪಿಲ್ಲ, ಯಾರಿಗೆ ಗೊತ್ತು. ದನ ಬಂದಿರಲಿಲ್ಲ. ನೆನಪು ಇತ್ತು. ತಮ್ಮ ಎರಡೂ ಪಾದಗಳ ಕೆಳಗೆ ಕಂಬಿ ಎಳೆದುಕೊಂಡ ಸದ್ದು ಕೂಡ ನೆನಪಿತ್ತು.  ನಿನ್ನೆ ಎಂಜಿನ್ ಗುರುಗುಟ್ಟುತ್ತಿದ್ದಾಗ ಸಿಕ್ಕಿದ ಹಾಗೆಯೇ ಈಗಲೂ ಅವರಿಗೆ ಸಾಕಷ್ಟು ಸಮಯ ಸಿಕ್ಕಿತ್ತು.

“ನಾನೇ ಒತ್ತಿದ್ದು,” ಅಂದರು.

ತಂಗಿ ಎದ್ದಳು. ಟೀ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ ಅಂದುಕೊಂಡರು. ಅವಳು ಮೇಜಿನ ಮೇಲಿದ್ದ ಶಾಲೆಯ ಕಾರಿನ ಕೀಲಿ ತೆಗೆದುಕೊಂಡಳು. ಬಾಗಿಲಲ್ಲಿ ನಿಂತು ಮಗಳಿಗೆ, “ನಿನ್ನ ಗಾಡಿ ನೀನು ತಗೋ. ಇನ್ನು ಅದಕ್ಕೆ ಯಾರನ್ನೂ ಕೇಳ್ಬೇಡ, ನನ್ನನ್ನೂ ಕೇಳ್ಬೇಡ,” ಅಂದಳು. ಆಮೇಲೆ ಅಣ್ಣನಿಗೆ, “ಬಾ.”

ಹೊರಗೆ ಇನ್ನೂ ಬೆಳಕಿತ್ತು. ತಂಗಿ ಡ್ರೈವರ್ ಕಡೆಯ ಬಾಗಿಲು ತೆರೆದು, ಸೀರೆ ಒತ್ತರಿಸಿಕೊಂಡು, ಹಳೆಯ ಮಂಚದ ಮೇಲೆ ಕೂರುವವರ ಹಾಗೆ ಎಚ್ಚರಿಕೆಯಿಂದ ಕೂತಳು. ಮೇಷ್ಟ್ರು ಸುತ್ತಿ ಬಂದು ತಮ್ಮ ಜಾಗದಲ್ಲಿ ಕೂತರು. ಅವಳು ಕೀಲಿ ಹಾಕಲಿಲ್ಲ, ಅದನ್ನು ಮಡಿಲಲ್ಲಿಟ್ಟುಕೊಂಡಳು. ಚಪ್ಪಲಿ ಬಿಟ್ಟು ಬರಿಗಾಲನ್ನು ಬ್ರೇಕಿನ ಮೇಲೆ ಇಟ್ಟಳು. ಹಿಮ್ಮಡಿ ಒಡೆದ, ಬಸ್ಸು ನಿಲ್ದಾಣಗಳಲ್ಲಿ ನಿಂತು ನಿಂತು ಅಗಲವಾದ ಪಾದ.

“ಒತ್ತು,” ಅಂದಳು.

ಮೇಷ್ಟ್ರು ಒತ್ತಿದರು. ಆ ಕಡೆ ಅವಳ ಪಾದದ ಅಡಿಯಲ್ಲಿ ಪೆಡಲು ಇಳಿಯಿತು, ಪಾದವೂ ಜೊತೆಗೆ ಇಳಿಯಿತು. ಅವಳು ಬಗ್ಗಿ ಅದನ್ನೇ ನೋಡುತ್ತಿದ್ದಳು. ಅವರು ಕಾಲು ಸಡಿಲಿಸಿದಾಗ ಪಾದ ಮೇಲಕ್ಕೆ ಬಂತು.

“ಇನ್ನೊಂದ್ಸಲ ಒತ್ತು,” ಅಂದಳು ತಂಗಿ.